ಕಲಬುರಗಿ ವಿಮಾನ ನಿಲ್ದಾಣ: ಇತಿಹಾಸ, ಸೇವೆ ಮತ್ತು ಸುತ್ತಲಿನ ಗ್ರಾಮ ಪಂಚಾಯತಿಗಳ ಹೊಣೆ

ಕಲಬುರಗಿ–ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಗ್ರಾಮದ ಬಳಿ ಕಲಬುರಗಿ ವಿಮಾನ ನಿಲ್ದಾಣವಿದೆ. 2008ರಲ್ಲಿ ಇದಕ್ಕೆ ಶಂಕುಸ್ಥಾಪನೆ ನೆರವೇರಿತು. ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾದ ಕಾಮಗಾರಿ ನಿಗದಿಯಂತೆ ಸಾಗಲಿಲ್ಲ. ಅನಂತರ ರಾಜ್ಯ ಸರ್ಕಾರವೇ ಲೋಕೋಪಯೋಗಿ ಇಲಾಖೆಯ ಮೂಲಕ ಅದನ್ನು ಪೂರ್ಣಗೊಳಿಸಿ, ನಿರ್ವಹಣೆಯನ್ನು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರಕ್ಕೆ ವಹಿಸಿತು. 2019ರ ನವೆಂಬರ್ 22ರಂದು ನಿಲ್ದಾಣ ಉದ್ಘಾಟನೆಗೊಂಡು, ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು.

ಇಲ್ಲಿನ ರನ್‌ವೇ 3 ಕಿ.ಮೀ.ಗಿಂತ ಉದ್ದವಾಗಿದೆ. ಪ್ರಯಾಣಿಕ ಸೇವೆಯ ಜೊತೆಗೆ ವಿಮಾನ ಚಾಲನಾ ತರಬೇತಿಗೂ ಈ ನಿಲ್ದಾಣವನ್ನು ಬಳಸಲಾಗಿದೆ. ಪ್ರಯಾಣಿಕ ಸೇವೆಗೆ ಬಲ ನೀಡಿದ್ದು ‘ಉಡಾನ್’ ಯೋಜನೆ. ಈ ಯೋಜನೆಯಡಿ ಕೆಲವು ಆಸನಗಳಿಗೆ ದರದ ಮಿತಿ ಇರುತ್ತದೆ; ಅದರಿಂದಾಗುವ ಕೊರತೆಯನ್ನು ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಸಹಾಯಧನದಿಂದ ತುಂಬಲಾಗುತ್ತದೆ. ಸಹಾಯಧನದ ಒಂದು ಪಾಲನ್ನು ರಾಜ್ಯ ಸರ್ಕಾರವೂ ಭರಿಸುತ್ತದೆ. ಅವಧಿ ಮುಗಿದ ಬಳಿಕ ಸೇವೆ ಮುಂದುವರಿಯುವುದು ಪ್ರಯಾಣಿಕರ ಸಂಖ್ಯೆಯನ್ನು ಅವಲಂಬಿಸಿದೆ. ಆದ್ದರಿಂದ ಮಾರ್ಗ ಮತ್ತು ವೇಳೆ ಆಗಾಗ ಬದಲಾಗಬಹುದು.

ಆವರಣ ಗೋಡೆಯ ಒಳಗಿನ ಸುರಕ್ಷತೆ ಪ್ರಾಧಿಕಾರದ ಹೊಣೆ. ಗೋಡೆಯ ಹೊರಗಿನ ಸುರಕ್ಷತೆ ಬಹುಮಟ್ಟಿಗೆ ಗ್ರಾಮ ಪಂಚಾಯತಿ ನೀಡುವ ಪರವಾನಗಿಯನ್ನೂ ಕಸ ವಿಲೇವಾರಿಯ ಕ್ರಮವನ್ನೂ ಅವಲಂಬಿಸಿದೆ.

ಕಟ್ಟಡದ ಎತ್ತರ

ವಿಮಾನ ಇಳಿಯುವ ದಿಕ್ಕಿನಲ್ಲಿ, ರನ್‌ವೇಯ ತುದಿಯಾಚೆ ಸುಮಾರು 60 ಮೀ. ದೂರದಿಂದ ಒಂದು ಕಾಲ್ಪನಿಕ ಇಳಿಜಾರು ಆರಂಭವಾಗುತ್ತದೆ. ದೊಡ್ಡ ವಿಮಾನಗಳ ರನ್‌ವೇಗಳಲ್ಲಿ ಇದು ಪ್ರತಿ 50 ಮೀ.ಗೆ 1 ಮೀ.ನಂತೆ ಏರುತ್ತದೆ. ಅಂದರೆ ಅಲ್ಲಿಂದ 500 ಮೀ. ದೂರದಲ್ಲಿ ಇಳಿಜಾರಿನ ಎತ್ತರ 10 ಮೀ. ಮಾತ್ರ. ಅಲ್ಲಿನ ನೆಲವೇ ರನ್‌ವೇ ಮಟ್ಟಕ್ಕಿಂತ 4 ಮೀ. ಎತ್ತರವಿದ್ದರೆ ಉಳಿಯುವುದು 6 ಮೀ. ಎರಡು ಅಂತಸ್ತಿನ ಮನೆಯ ಮೇಲೆ ನೀರಿನ ಟ್ಯಾಂಕ್ ಇಟ್ಟರೆ ಮಿತಿ ಮೀರುತ್ತದೆ. ಎತ್ತರವನ್ನು ಸಮುದ್ರಮಟ್ಟದಿಂದ ಲೆಕ್ಕ ಹಾಕುವುದರಿಂದ, ಕಣ್ಣಳತೆಯಲ್ಲಿ ಇದನ್ನು ನಿರ್ಧರಿಸಲಾಗದು.

2015ರ ಎತ್ತರ ನಿರ್ಬಂಧ ನಿಯಮಗಳು ನಿಲ್ದಾಣದಿಂದ 20 ಕಿ.ಮೀ. ವ್ಯಾಪ್ತಿಗೆ ಅನ್ವಯಿಸುತ್ತವೆ. ಬಣ್ಣ ಗುರುತಿನ ವಲಯ ನಕ್ಷೆ ಪ್ರಕಟವಾಗಿರುವ ನಿಲ್ದಾಣಗಳಲ್ಲಿ, ಆಯಾ ಸ್ಥಳದಲ್ಲಿ ಅನುಮತಿಸಬಹುದಾದ ಎತ್ತರ ನಕ್ಷೆಯಲ್ಲಿಯೇ ಇರುತ್ತದೆ. ಕೆಂಪು ವಲಯದಲ್ಲಿ ಹಾಗೂ ನಕ್ಷೆಯ ಮಿತಿ ಮೀರುವ ಕಡೆ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಅಗತ್ಯ. ಇದಕ್ಕೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬೇಕು. ಮೊಬೈಲ್ ಗೋಪುರ, ಓವರ್‌ಹೆಡ್ ಟ್ಯಾಂಕ್ ಮತ್ತು ವಿದ್ಯುತ್ ಕಂಬಗಳೂ ಈ ಪರಿಶೀಲನೆಗೆ ಒಳಪಡುತ್ತವೆ. ಅಡ್ಡಿಯಾಗುವ ಕಟ್ಟಡ ಮತ್ತು ಮರಗಳ ತೆರವಿಗೆಂದೇ 1994ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಪರಿಶೀಲಿಸದೆ ಪರವಾನಗಿ ನೀಡಿದರೆ, ಸಾಲ ಮಾಡಿ ಮನೆ ಕಟ್ಟಿದ ಕುಟುಂಬವೇ ಅದರ ನಷ್ಟ ಹೊರಬೇಕಾಗುತ್ತದೆ.

ಕಸ ಮತ್ತು ಪಕ್ಷಿಗಳು

ತೆರೆದ ಬಯಲಿನಲ್ಲಿ ಸುರಿದ ಕೋಳಿ ಮತ್ತು ಮಾಂಸದ ಅಂಗಡಿಗಳ ತ್ಯಾಜ್ಯ, ಸತ್ತ ಜಾನುವಾರು, ಹಸಿ ಕಸ ಇವು ಹದ್ದು, ಕಾಗೆಗಳನ್ನು ಸೆಳೆಯುತ್ತವೆ. ವಿಮಾನ ಮೇಲೇರುವ ಅಥವಾ ಇಳಿಯುವ ಹೊತ್ತಿನಲ್ಲಿ ಪಕ್ಷಿ ಎಂಜಿನ್‌ಗೆ ಸಿಲುಕಿದರೆ ಎಂಜಿನ್ ಸ್ಥಗಿತಗೊಳ್ಳುವ ಅಪಾಯವಿದೆ. ನೆಲಕ್ಕೆ ಸಮೀಪವಿರುವಾಗ ಚಾಲಕನಿಗೆ ಸಿಗುವ ಸಮಯ ಕೆಲವೇ ಕ್ಷಣಗಳು. ಈ ಕಾರಣದಿಂದಲೇ 1937ರ ವಿಮಾನ ನಿಯಮಗಳ 91ನೇ ನಿಯಮವು ನಿಲ್ದಾಣದಿಂದ 10 ಕಿ.ಮೀ. ವ್ಯಾಪ್ತಿಯಲ್ಲಿ ಪ್ರಾಣಿವಧೆ, ಚರ್ಮ ಸುಲಿಯುವುದು ಹಾಗೂ ಪಕ್ಷಿಗಳನ್ನು ಸೆಳೆಯುವ ತ್ಯಾಜ್ಯವನ್ನು ಎಸೆಯುವುದನ್ನು ನಿಷೇಧಿಸಿತು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಕಟ್ಟಡ ಪರವಾನಗಿಯ ಪ್ರತಿ ಅರ್ಜಿಯಲ್ಲಿ ನಿವೇಶನ 20 ಕಿ.ಮೀ. ವ್ಯಾಪ್ತಿಯೊಳಗಿದೆಯೇ ಎಂಬುದನ್ನು ನಮೂದಿಸತಕ್ಕದ್ದು.
2. ನಿರಾಕ್ಷೇಪಣಾ ಪತ್ರದಲ್ಲಿರುವ ಎತ್ತರಕ್ಕೂ ಕಟ್ಟಡದ ನಕ್ಷೆಗೂ ತಾಳೆ ನೋಡತಕ್ಕದ್ದು.
3. ಮಾಂಸದ ಅಂಗಡಿಗಳ ತ್ಯಾಜ್ಯವನ್ನು ಮುಚ್ಚಿದ ಡಬ್ಬಿಗಳಲ್ಲಿ ಸಂಗ್ರಹಿಸಿ, ಘನತ್ಯಾಜ್ಯ ನಿರ್ವಹಣಾ ಘಟಕಕ್ಕೆ ಸಾಗಿಸತಕ್ಕದ್ದು. ಹೊಸ ಘಟಕದ ಸ್ಥಳ ಆರಿಸುವಾಗಲೂ ನಿಲ್ದಾಣದಿಂದ ಇರುವ ದೂರವನ್ನು ಪರಿಗಣಿಸತಕ್ಕದ್ದು.
4. ತೊಗರಿಗೆ ಡ್ರೋನ್ ಮೂಲಕ ಔಷಧ ಸಿಂಪಡಿಸುವ ರೈತರಿಗೆ, ಹಾರಾಟಕ್ಕೆ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಷೇಧಿತ ವಲಯವನ್ನು ಪರಿಶೀಲಿಸುವಂತೆ ಗ್ರಾಮಸಭೆಯಲ್ಲಿ ತಿಳಿಸತಕ್ಕದ್ದು.

ಬೀದರ್, ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗದಂತಹ ಇತರ ನಿಲ್ದಾಣಗಳ ಸುತ್ತಲಿನ ಗ್ರಾಮಗಳಿಗೂ ಇದೇ ಎಚ್ಚರಿಕೆ ಅಗತ್ಯ. ಬೀದರ್‌ನಂತೆ ವಾಯುಪಡೆಯ ನೆಲೆಯಿರುವ ಕಡೆ ಎತ್ತರದ ಅನುಮತಿಗೆ ರಕ್ಷಣಾ ಪ್ರಾಧಿಕಾರವನ್ನು ಸಂಪರ್ಕಿಸಬೇಕಾಗುತ್ತದೆ. ಅಡಿಪಾಯ ಹಾಕುವ ಮುನ್ನ ಈ ಪರಿಶೀಲನೆ ಮುಗಿದರೆ ಮನೆ ಕಟ್ಟುವವರಿಗೂ ವಿಮಾನದಲ್ಲಿ ಬರುವವರಿಗೂ ಕ್ಷೇಮ.