ಪ್ರೀತಿಯ ತುತ್ತಿಗೂ ಒಂದು ಅಳತೆ

ಗೋರಂಟ್ಲ, ಹಿಂದೂಪುರ, ಮಡಕಶಿರಾ ಕಡೆಯ ಮನೆಗಳಲ್ಲಿ ನಾಯಿಗೆಂದು ಬೇರೆ ಅಡುಗೆ ಮಾಡುವುದು ತೀರ ಈಚಿನ ರೂಢಿ. ಮನೆಮಂದಿ ಉಂಡ ಮುದ್ದೆಯಲ್ಲಿ ಒಂದು ತುಂಡು, ಅದರ ಮೇಲೆ ಉಳಿದ ಸಾರು, ಹಬ್ಬದ ದಿನ ಒಬ್ಬಟ್ಟಿನ ಅಂಚು, ಸಂಜೆಯ ಕಾಫಿಯ ಹೊತ್ತಿಗೆ ಎರಡು ಬಿಸ್ಕತ್ತು. ಇಷ್ಟರಲ್ಲಿಯೇ ಎಷ್ಟೋ ನಾಯಿಗಳ ಬದುಕು ಸಾಗಿಬಂದಿದೆ. ಆರೋಗ್ಯವಂತ ನಾಯಿ ಇದರಲ್ಲಿ ಬಹಳಷ್ಟನ್ನು ಅರಗಿಸಿಕೊಳ್ಳುತ್ತದೆ. ಆದರೆ ಅದೇ ನಾಯಿಗೆ ವಯಸ್ಸಾಗಿ ಸಕ್ಕರೆ ಕಾಯಿಲೆಯೋ, ಮೂತ್ರಪಿಂಡದ ತೊಂದರೆಯೋ, ಚರ್ಮದ ಅಲರ್ಜಿಯೋ ಕಾಣಿಸಿಕೊಂಡು ಪಶುವೈದ್ಯರು ಪಥ್ಯ ಹೇಳಿದ ದಿನದಿಂದ ಮನೆಯ ಲೆಕ್ಕವೆಲ್ಲ ಬದಲಾಗಬೇಕಾಗುತ್ತದೆ.

ಹೊತ್ತುಹೊತ್ತಿನ ಊಟದ ವಿಷಯದಲ್ಲಿ ಸಾಮಾನ್ಯವಾಗಿ ಎಲ್ಲರೂ ಎಚ್ಚರದಿಂದಿರುತ್ತಾರೆ. ಪಥ್ಯ ಕೆಡುವುದು ನಡುನಡುವೆ ಕೊಡುವ ತಿನಿಸಿನಿಂದ. ತಾತ ತಮ್ಮ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಹಾಕುತ್ತಾರೆ. ಶಾಲೆಯಿಂದ ಬಂದ ಮಗು ಬುತ್ತಿಯಲ್ಲಿ ಉಳಿದುದನ್ನು ಸುರಿಯುತ್ತದೆ. ಅಜ್ಜಿ ಹುರಿದ ಕಡಲೇಬೀಜ ತಿನ್ನುತ್ತ ನಾಲ್ಕು ಕಾಳು ಎಸೆಯುತ್ತಾರೆ. ತಾನು ಕೊಟ್ಟದ್ದು ಸ್ವಲ್ಪವೇ ಎಂಬುದು ಪ್ರತಿಯೊಬ್ಬರ ಸಮಾಧಾನ. ನಾಲ್ವರ ಸ್ವಲ್ಪವೂ ಸೇರುವುದು ಒಂದೇ ಹೊಟ್ಟೆಯಲ್ಲಿ.

ಗಡಿಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕೂ ಇದೆ. ವೈದ್ಯರು ಪಥ್ಯವನ್ನು ವಿವರಿಸುವುದು ತೆಲುಗಿನಲ್ಲಿ, ಚೀಟಿ ಬರೆಯುವುದು ಇಂಗ್ಲಿಷಿನಲ್ಲಿ, ಅದನ್ನು ಪಾಲಿಸಬೇಕಾದವರು ಮಾತನಾಡುವುದು ಕನ್ನಡದಲ್ಲಿ. ಆಸ್ಪತ್ರೆಗೆ ಹೋಗಿಬಂದ ಒಬ್ಬರಿಗೆ ಮಾತ್ರ ವಿಷಯ ತಿಳಿದಿದ್ದು, ಮನೆಯಲ್ಲಿ ಉಳಿದವರು ಎಂದಿನಂತೆ ಪ್ರೀತಿ ತೋರಿಸಿದರೆ ಔಷಧಿಯ ಖರ್ಚೂ ನಾಯಿಯ ನೋವೂ ಎರಡೂ ವ್ಯರ್ಥವಾಗುತ್ತವೆ.

ಮೊದಲನೆಯದು ಪ್ರಮಾಣ. ದಿನದ ಒಟ್ಟು ಆಹಾರಶಕ್ತಿಯಲ್ಲಿ ತಿನಿಸಿನ ಪಾಲು ಶೇಕಡಾ 10ನ್ನು ಮೀರಬಾರದೆಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮ. 10 ಕಿಲೋ ತೂಗುವ, ಹೆಚ್ಚು ಓಡಾಡದ ನಾಯಿಗೆ ದಿನಕ್ಕೆ ಸುಮಾರು 500ರಿಂದ 600 ಕ್ಯಾಲೊರಿ ಸಾಕು. ಅಂದರೆ ತಿನಿಸಿನ ಪಾಲು 50ರಿಂದ 60 ಕ್ಯಾಲೊರಿ. ಒಂದು ಸಣ್ಣ ಗ್ಲೂಕೋಸ್ ಬಿಸ್ಕತ್ತಿನಲ್ಲಿಯೇ ಸುಮಾರು 25 ಕ್ಯಾಲೊರಿ ಇರುತ್ತದೆ. ಎರಡು ಬಿಸ್ಕತ್ತಿಗೆ ದಿನದ ಪಾಲು ಬಹುಮಟ್ಟಿಗೆ ಮುಗಿಯಿತು. ಈ ಸೀಮೆಯ ಮುಖ್ಯ ಬೆಳೆಯಾದ ಕಡಲೇಬೀಜ ಹತ್ತು ಗ್ರಾಂ ತೂಗಿದರೆ 55 ಕ್ಯಾಲೊರಿಗೂ ಮಿಕ್ಕಿ ಆಗುತ್ತದೆ, ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬು. ಅದೇ 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು ಸುಮಾರು 15 ಕ್ಯಾಲೊರಿ, ಕ್ಯಾರೆಟ್ಟಿನಲ್ಲಿ ಸುಮಾರು 40. ನಾಯಿಗೆ ಬೇಕಾದುದು ಯಜಮಾನನ ಕೈಯಿಂದ ಸಿಗುವ ಒಂದು ತುಣುಕು. ಆ ತುಣುಕು ಬೆರಳಿನ ಉಗುರಿನಷ್ಟಿದ್ದರೂ ಅದರ ಸಂತೋಷ ಕಡಿಮೆಯಾಗದು.

ಎರಡನೆಯದು ಕಾಯಿಲೆಗೆ ತಕ್ಕ ಆಯ್ಕೆ. ಒಂದು ನಾಯಿಗೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಡುಕಾಗಬಹುದು. ಸಕ್ಕರೆ ಕಾಯಿಲೆಯಿರುವ ನಾಯಿಗೆ ಬೆಲ್ಲ, ಬಿಸ್ಕತ್ತು, ಮಾವು, ಬಾಳೆಹಣ್ಣು ಸಲ್ಲವು. ಅದಕ್ಕೆ ಸೌತೆಕಾಯಿ, ಉಪ್ಪಿಲ್ಲದೆ ಬೇಯಿಸಿದ ಹುರುಳಿಕಾಯಿ ಹಿತ. ಇನ್ಸುಲಿನ್ ನಡೆಯುತ್ತಿದ್ದರೆ ತಿನಿಸನ್ನೂ ದಿನವೂ ಅದೇ ಹೊತ್ತಿಗೆ, ಅಷ್ಟೇ ಪ್ರಮಾಣದಲ್ಲಿ ಕೊಡಬೇಕು. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮನುಷ್ಯರ ವಿಷಯದಲ್ಲಿ ಕೇಳಿದ ಮಾತನ್ನು ನಾಯಿಗೂ ಅನ್ವಯಿಸಿ ಮುದ್ದೆಯನ್ನು ಲೆಕ್ಕವಿಲ್ಲದೆ ಹಾಕುವವರಿದ್ದಾರೆ. ರಾಗಿಯ ಬಹುಪಾಲು ಪಿಷ್ಟವೇ. ಮುದ್ದೆಯೂ ದಿನದ ಲೆಕ್ಕದೊಳಗೆ ಸೇರಬೇಕು.

ಮೇದೋಜೀರಕ ಗ್ರಂಥಿಯ ಉರಿಯೂತ ಒಮ್ಮೆ ಬಂದುಹೋದ ನಾಯಿಗೆ ಕೊಬ್ಬೇ ಶತ್ರು. ಕಡಲೇಬೀಜ, ಕೊಬ್ಬರಿ, ತುಪ್ಪ, ಹಾಲಿನ ಕೆನೆ, ಕೋಳಿಯ ಚರ್ಮ ಇವುಗಳನ್ನು ದೂರವಿಡಬೇಕು. ಬೇಯಿಸಿದ ಕುಂಬಳಕಾಯಿ, ಚರ್ಮ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಮಾಂಸದ ಸಣ್ಣ ತುಂಡು ಅದಕ್ಕೆ ಒಗ್ಗುತ್ತವೆ. ಮೂತ್ರಪಿಂಡ ದುರ್ಬಲವಾದ ನಾಯಿಗೆ ರಂಜಕವೂ ಉಪ್ಪೂ ಹೆಚ್ಚಾಗಬಾರದು. ಮೂಳೆ, ಹಾಲಿನ ಪದಾರ್ಥ, ಮೊಟ್ಟೆಯ ಹಳದಿ, ಮಾಂಸದ ತುಂಡು ಬೇಡ. ಬೀಜ ತೆಗೆದ ಸೇಬಿನ ಹೋಳು ಸಾಕು. ಆಕ್ಸಲೇಟ್ ಕಲ್ಲು ಕಟ್ಟುವ ನಾಯಿಗೆ ಸೊಪ್ಪೆಲ್ಲ ಒಳ್ಳೆಯದೆಂದು ಭಾವಿಸುವಂತಿಲ್ಲ. ಪಾಲಕ್, ದಂಟು ಮುಂತಾದ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚು. ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚು. ವೈದ್ಯರನ್ನು ಕೇಳದೆ ಇವನ್ನು ಕೊಡಬಾರದು.

ಅಲರ್ಜಿಯ ಪಥ್ಯ ಎಲ್ಲಕ್ಕಿಂತ ಕಠಿಣ. ಯಾವ ಆಹಾರದಿಂದ ತುರಿಕೆ ಬರುತ್ತಿದೆ ಎಂದು ಪತ್ತೆಹಚ್ಚಲು ವೈದ್ಯರು ಸಾಮಾನ್ಯವಾಗಿ ಎಂಟು ವಾರಗಳ ಕಾಲ ಗೊತ್ತುಪಡಿಸಿದ ಒಂದೇ ಆಹಾರವನ್ನು ಕೊಡಿಸುತ್ತಾರೆ. ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವವುಗಳಲ್ಲಿ ದನದ ಮಾಂಸ, ಹಾಲು, ಕೋಳಿ, ಗೋಧಿ ಸೇರಿವೆ. ಏಳನೆಯ ವಾರದಲ್ಲಿ ಯಾರೋ ಹಾಕಿದ ಒಂದು ಬಿಸ್ಕತ್ತಿನಲ್ಲಿ ಗೋಧಿಯೂ ಇರುತ್ತದೆ, ಹಾಲೂ ಇರುತ್ತದೆ. ಪರೀಕ್ಷೆಯನ್ನು ಮೊದಲಿನಿಂದ ಆರಂಭಿಸಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಗುಳಿಗೆ ನುಂಗಿಸಲು ಬಳಸುವ ಬೆಣ್ಣೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಇಂತಹ ನಾಯಿಗೆ ಸುಲಭವಾದ ದಾರಿಯೆಂದರೆ ಅದರ ಊಟದ ಪಾಲಿನಿಂದಲೇ ಹಿಡಿಯಷ್ಟನ್ನು ತೆಗೆದಿಟ್ಟು ತಿನಿಸೆಂದು ಕೊಡುವುದು.

ಮೂರನೆಯದು ಯಾವ ನಾಯಿಗೂ ಕೊಡಬಾರದ ವಸ್ತುಗಳು. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡ ಹಠಾತ್ತನೆ ಕೆಡಬಹುದು. ಲಾಡು, ಪಾಯಸ, ಪ್ರಸಾದಗಳಲ್ಲಿ ಒಣದ್ರಾಕ್ಷಿ ಅಡಗಿರುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಮರುವರ್ಷ ಪ್ರಕಟವಾದ ವರದಿಯೊಂದು ಹುಣಸೆಹಣ್ಣು ತಿಂದ ನಾಯಿಗಳಲ್ಲಿಯೂ ಅದೇ ಬಗೆಯ ಹಾನಿಯನ್ನು ದಾಖಲಿಸಿತು. ಹುಣಸೆಯ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ಸುತ್ತಮುತ್ತಲಿನವರು ಇದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಹುಣಸೆ ಬಿಡಿಸುವ ಅಂಗಳದಲ್ಲಿ ನಾಯಿಯನ್ನು ಬಿಡಬಾರದು. ಹುಳಿಸಾರು ಸುರಿದ ಮುದ್ದೆ ಬೇಡ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟ್, ಬೇಯಿಸಿದ ಮೂಳೆ, ಸಕ್ಕರೆರಹಿತವೆಂದು ಮಾರುವ ಕೆಲವು ಚೂಯಿಂಗ್ ಗಮ್ ಮತ್ತು ಮಿಠಾಯಿಗಳಲ್ಲಿರುವ ಕ್ಸೈಲಿಟಾಲ್, ಇವೆಲ್ಲ ಅಪಾಯಕಾರಿ. ನಾಯಿ ಇಂತಹುದನ್ನು ತಿಂದದ್ದು ಕಂಡರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಇನ್ನಷ್ಟು ಕೇಡು ತರುತ್ತದೆ.

ಅಂಗಡಿಯ ಪೊಟ್ಟಣಗಳ ವಿಷಯದಲ್ಲಿ ಕಾನೂನಿನ ಒಂದು ಮಾತು ತಿಳಿದಿರಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಮನುಷ್ಯರ ಆಹಾರಕ್ಕೆ ಸಂಬಂಧಿಸಿದ್ದು. ಪಶು ಆಹಾರ ಅದರ ವ್ಯಾಖ್ಯೆಯ ಹೊರಗಿದೆ. ಮನುಷ್ಯರ ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯಾಗಲಿ ಪರವಾನಗಿ ಸಂಖ್ಯೆಯಾಗಲಿ ಅದು ನಾಯಿಗೆ ಹಿತವೆಂಬುದಕ್ಕೆ ಸಾಕ್ಷಿಯಲ್ಲ. ನಾಯಿಯ ತಿನಿಸು ಕೊಳ್ಳುವಾಗ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು, ನಿವ್ವಳ ತೂಕಗಳ ಜೊತೆಗೆ ಘಟಕಗಳ ಪಟ್ಟಿಯನ್ನೂ ಓದಬೇಕು. ಘಟಕಗಳನ್ನು ಹೇಳದ ಪೊಟ್ಟಣ ಪಥ್ಯದ ನಾಯಿಗೆ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಪ್ರಕರಣವು ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನೂ ಅದರ ಯೋಗಕ್ಷೇಮಕ್ಕಾಗಿ ಯುಕ್ತವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕೆಂದು ವಿಧಿಸುತ್ತದೆ. ಕಾಯಿಲೆಯ ನಾಯಿಯ ಮಟ್ಟಿಗೆ ಪಥ್ಯ ಕಾಪಾಡುವುದೂ ಆ ಕರ್ತವ್ಯದ ಒಳಗೇ ಬರುತ್ತದೆಂದು ತಿಳಿಯುವುದು ನ್ಯಾಯ.

ಕನ್ನಡಕ್ಕೆ ಈ ಕರ್ತವ್ಯಪ್ರಜ್ಞೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ಕಾಳಿ ಎಂಬ ಬೇಟೆನಾಯಿಗಾಗಿ ಕಲ್ಲು ನಿಲ್ಲಿಸಲಾಯಿತು. ಹಂದಿಯೊಡನೆ ಹೋರಾಡಿ ಮಡಿದ ಆ ನಾಯಿಯ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿನ ಗೊರವ ಉಣ್ಣಬಾರದೆಂಬ ಕಟ್ಟಳೆಯನ್ನೂ ಶಾಸನದಲ್ಲಿ ಬರೆಸಲಾಗಿದೆ. ನಾಯಿಯ ವಿಷಯವನ್ನು ಮರೆಯದಂತೆ ಕನ್ನಡದಲ್ಲಿ ಬರೆದಿಡುವ ರೂಢಿಗೆ ಸಾವಿರ ವರ್ಷ ದಾಟಿದೆ.

ಇಂದಿನ ಮನೆಯಲ್ಲಿ ಅದಕ್ಕೆ ಕಲ್ಲು ಬೇಕಿಲ್ಲ, ಒಂದು ಹಾಳೆ ಸಾಕು. ಕನ್ನಡ ಶಾಲೆಯಲ್ಲಿ ಓದುವ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಲಿ. ಕೊಡಬಹುದಾದದ್ದು, ಕೊಡಬಾರದ್ದು, ದಿನದ ಪ್ರಮಾಣ, ವೈದ್ಯರ ದೂರವಾಣಿ ಸಂಖ್ಯೆ, ಈ ನಾಲ್ಕನ್ನು ದಪ್ಪ ಅಕ್ಷರದಲ್ಲಿ ಬರೆದು, ವೈದ್ಯರಿಗೆ ಓದಿ ಹೇಳಿ ಸರಿಯೆನಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಅಂಟಿಸಲಿ. ಬೆಳಗ್ಗೆ ಆ ದಿನದ ತಿನಿಸನ್ನೆಲ್ಲ ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಡಲಿ. ತಾತನೂ ಅಜ್ಜಿಯೂ ಮಗುವೂ ಪಕ್ಕದ ಮನೆಯವರೂ ಕೊಡುವುದಿದ್ದರೆ ಆ ಡಬ್ಬಿಯಿಂದಲೇ ಕೊಡಲಿ. ಡಬ್ಬಿ ಬರಿದಾದ ಮೇಲೆ ನಾಯಿ ಬಾಲ ಅಲ್ಲಾಡಿಸುತ್ತ ಬಂದು ನಿಂತರೆ ತಲೆ ಸವರಿ ಬೀದಿಯ ಕೊನೆಯವರೆಗೆ ಅದರೊಡನೆ ನಡೆದು ಬರಬಹುದು.