ಹತ್ತಿ ಎಲೆ ಕೆಂಪಾದರೆ ಯೂರಿಯಾ ಚೀಲ ಉತ್ತರವಲ್ಲ

ಅಕ್ಟೋಬರ್ ಮುಗಿಯುವ ಹೊತ್ತಿಗೆ ಹಾವೇರಿ, ಧಾರವಾಡ ಕಡೆಯ ಗೊಬ್ಬರದಂಗಡಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: ‘ಹತ್ತಿ ಎಲಿ ಕೆಂಪಾಗ್ಯಾವ್ರಿ, ಏನರ ಕೊಡ್ರಿ.’ ಅಂಗಡಿಯಿಂದ ಒಂದು ಔಷಧಿ ಬಾಟ್ಲಿ ಬರುತ್ತದೆ, ಜೊತೆಗೆ ಒಂದು ಚೀಲ ಯೂರಿಯಾ. ದುಡ್ಡು ಹೋಗುತ್ತದೆ, ಎಲೆ ಮಾತ್ರ ಹಸಿರಾಗುವುದಿಲ್ಲ.

ಜಿಗಿಹುಳು ರಸ ಹೀರಿದರೂ ಎಲೆಯ ಅಂಚು ಕೆಂಪಾಗುತ್ತದೆ, ನಿಜ. ಎಲೆ ಮಗುಚಿ ನೋಡಿದರೆ ಹುಳು ಕಣ್ಣಿಗೆ ಬೀಳುತ್ತದೆ. ಹುಳು ಇಲ್ಲದೆಯೂ ಕೆಂಪಾಗಿದ್ದರೆ ಅದು ಸಾಮಾನ್ಯವಾಗಿ ರೋಗವಲ್ಲ, ಹಸಿವು.

ಬಿತ್ತಿದ ಮೊದಲ ಒಂದೂವರೆ ತಿಂಗಳು ಹತ್ತಿ ಗಿಡ ಹೆಚ್ಚೇನೂ ಕೇಳುವುದಿಲ್ಲ. ಮೊಗ್ಗು, ಹೂವು, ಕಾಯಿ ಅಂತ ಶುರುವಾದಾಗ ಬೇಡಿಕೆ ಒಮ್ಮೆಲೇ ಏರುತ್ತದೆ. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯಲ್ಲಿ ಇದು ಇನ್ನೂ ಜೋರು. ಮೊದಲ ಕಾಯಿಗಳು ಹುಳುವಿನ ಬಾಯಿಗೆ ಹೋಗದೆ ಉಳಿಯುವುದರಿಂದ ಗಿಡದ ಮೇಲೆ ಒಟ್ಟಿಗೇ ಭಾರ ಬೀಳುತ್ತದೆ. ಬೇರು ಕೊಡುವುದು ಸಾಲದಿದ್ದರೆ ಕಾಯಿಯು ಎಲೆಯಿಂದಲೇ ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಎಳೆದುಕೊಳ್ಳುತ್ತದೆ. ಮೆಗ್ನೀಷಿಯಂ ಇಲ್ಲದೆ ಎಲೆಯ ಹಸಿರು ನಿಲ್ಲದು. ಅದೇ ಹೊತ್ತಿಗೆ ರಾತ್ರಿ ಚಳಿ ಬಿದ್ದರೆ ಕೆಂಪು ಇನ್ನಷ್ಟು ಏರುತ್ತದೆ.

‘ನಮ್ಮ ಎರಿ ಹೊಲದಾಗ ಪೊಟ್ಯಾಷ್ ಸಾಕಷ್ಟೈತಿ’ ಅನ್ನುವವರೂ ಇದ್ದಾರೆ. ಮಣ್ಣು ಪರೀಕ್ಷೆಯಲ್ಲೂ ಎಷ್ಟೋ ಸಲ ಹಾಗೇ ಬರುತ್ತದೆ. ಆದರೆ ಇರುವುದು ಬೇರೆ, ಸಿಗುವುದು ಬೇರೆ. ಸಾರಜನಕ ನೀರಿನ ಜೊತೆ ಹರಿದು ಬೇರಿಗೆ ಬರುತ್ತದೆ. ಪೊಟ್ಯಾಷ್ ಜೇಡಿಯ ಪದರಗಳಿಗೆ ಅಂಟಿಕೊಂಡಿದ್ದು, ತೇವದಲ್ಲಿ ನಿಧಾನವಾಗಿ ಸರಿಯುತ್ತದೆ. ಮಳೆ ಕೈಕೊಟ್ಟು ನೆಲ ಬಿರುಕು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹೊಲದಲ್ಲಿ ನೀರು ನಿಂತರೆ ಬೇರಿಗೆ ಉಸಿರು ಕಟ್ಟಿ ಆಗಲೂ ಅದೇ ಕಥೆ.

ಇನ್ನು ನಾವು ಹಾಕುವುದಾದರೂ ಏನು? 50 ಕೆಜಿ ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. 45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20.7 ಕೆಜಿ ಸಾರಜನಕ. ಎರಡರಲ್ಲೂ ಪೊಟ್ಯಾಷ್ ಸೊನ್ನೆ. 2010ರಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ಯೂರಿಯಾವನ್ನು ಹೊರಗಿಟ್ಟು ಅದರ ಬೆಲೆಯನ್ನು ತಾನೇ ಹಿಡಿದಿಟ್ಟಿತು. ಪೊಟ್ಯಾಷ್ ಚೀಲಕ್ಕೆ ಯೂರಿಯಾದ ಹಲವು ಪಟ್ಟು ದುಡ್ಡು ಕೊಡಬೇಕಾದಾಗ ರೈತ ಯಾವುದನ್ನು ಎತ್ತುತ್ತಾನೆ? ಅವನನ್ನು ದೂರಿ ಏನು ಪ್ರಯೋಜನ? ಹೆಚ್ಚಾದ ಯೂರಿಯಾದಿಂದ ಎಲೆ ಸೊಂಪಾಗುತ್ತದೆ, ಆ ಸೊಂಪಿಗೇ ಜಿಗಿಹುಳು ಬರುತ್ತದೆ, ಮತ್ತೆ ಔಷಧಿ ಅಂಗಡಿ.

ಅಸಲಿಗೆ ಮಾರುಕಟ್ಟೆಯಲ್ಲಿ ಬೆಲೆ ಇರುವ ಅರಳೆ ಮಣ್ಣಿನಿಂದ ಒಯ್ಯುವುದು ಬಹಳ ಕಡಿಮೆ. ಅದು ಬಹುತೇಕ ಸೆಲ್ಯುಲೋಸ್, ಅಂದರೆ ಗಾಳಿ ಮತ್ತು ನೀರಿನಿಂದ ಆದದ್ದು. ಸಾರಜನಕ, ರಂಜಕ ಹೆಚ್ಚಾಗಿ ಹೋಗುವುದು ಕಾಳಿಗೆ. ಪೊಟ್ಯಾಷ್ ಹೆಚ್ಚಾಗಿ ಉಳಿಯುವುದು ಕಾಯಿಯ ಸಿಪ್ಪೆ, ಎಲೆ, ಕಟ್ಟಿಗೆಯಲ್ಲಿ. ಮೊದಲು ಹತ್ತಿಕಾಳು, ಹಿಂಡಿ ದನದ ಹೊಟ್ಟೆ ಸೇರಿ ತಿಪ್ಪೆಯ ಮೂಲಕ ಹೊಲಕ್ಕೆ ವಾಪಸಾಗುತ್ತಿತ್ತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮನೆಗಳಲ್ಲಿ ತಿಪ್ಪೆಯೇ ಇಲ್ಲ. ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಿ ಸುಡುತ್ತೇವೆ. ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಪೊಟ್ಯಾಷ್ ಬೂದಿಯಾಗಿ ಒಂದೇ ಮೂಲೆಯಲ್ಲಿ ಬೀಳುತ್ತದೆ.

ಗುಲಾಬಿ ಕಾಯಿಕೊರಕದ ಭಯಕ್ಕೆ ಕಟ್ಟಿಗೆ ತೆಗೆಯಲೇಬೇಕು, ಅದು ಸರಿಯೇ. ಆದರೆ ಸುಡುವ ಬದಲು ಶ್ರೆಡ್ಡರ್‌ನಲ್ಲಿ ಪುಡಿ ಮಾಡಿ ಮಣ್ಣಿಗೆ ಸೇರಿಸಬಹುದು. ಆ ಯಂತ್ರ ಹಳ್ಳಿಯಲ್ಲೇ ಬಾಡಿಗೆಗೆ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ.

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡ್ ಇದನ್ನೆಲ್ಲ ಹೇಳಬೇಕಿತ್ತಲ್ಲ ಅಂತ ಕೇಳಬಹುದು. ಶುರುವಿನ ನಿಯಮದಂತೆ ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಒಂದೇ ಮಾದರಿ. ಮೂರೆಕರೆಯವನ ಕೈಯಲ್ಲಿದ್ದ ಕಾರ್ಡಿನ ಮಣ್ಣು ಪಕ್ಕದವನ ಹೊಲದ್ದೂ ಆಗಿರಬಹುದು.

ಈಗಾಗಲೇ ಎಲೆ ಕೆಂಪಾಗಲು ಶುರುವಾಗಿದ್ದರೆ ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಹಾಕಿ ಎಲೆಗೆ ಸಿಂಪಡಿಸಿ. ಪೂರ್ತಿ ಕೆಂಪಾಗಿ ಒಣಗಿದ ಎಲೆಗೆ ಏನು ಹೊಡೆದರೂ ವ್ಯರ್ಥ. ಮುಂದಿನ ಸಲ ಹೂವು, ಕಾಯಿ ಕಟ್ಟುವ ಹೊತ್ತಿಗೇ ಇದನ್ನು ಕೊಡಿ. ಯೂರಿಯಾವನ್ನು ಕಂತಿನಲ್ಲಿ, ಮಣ್ಣಲ್ಲಿ ತೇವ ಇದ್ದಾಗ, ಗಿಡದ ಪಕ್ಕ ಮುಚ್ಚಿ ಹಾಕಿ. ಎರೆಯ ಮೇಲೆ ಸುಮ್ಮನೆ ಎರಚಿದರೆ ಅದು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.