ಕನ್ನಡಿಯುಳ್ಳ ಕ್ಯಾಮರಾ, ಕನ್ನಡಿಯಿಲ್ಲದ ಕ್ಯಾಮರಾ

ಕ್ಯಾಮರಾ ಎಂಬುದು ಮೂಲತಃ ಒಂದು ಕತ್ತಲೆ ಪೆಟ್ಟಿಗೆ. ಅದರ ಒಂದು ಮುಖದಲ್ಲಿ ಮಸೂರ, ಎದುರು ಮುಖದಲ್ಲಿ ಬೆಳಕನ್ನು ಗ್ರಹಿಸುವ ಫಲಕ. ಚಿತ್ರಕ್ಕೆ ಅವಶ್ಯವಾದುವು ಇವೆರಡೇ. ಉಳಿದುದೆಲ್ಲವೂ ಈ ಎರಡಕ್ಕೆ ನೆರವಾಗಲೆಂದು ಮನುಷ್ಯನು ಕಾಲಕಾಲಕ್ಕೆ ಸೇರಿಸುತ್ತ ಬಂದ ಸಲಕರಣೆ. ಹೀಗೆ ಸೇರಿದ ಸಲಕರಣೆಗಳಲ್ಲಿ ಬಹುಕಾಲ ರಾಜಮರ್ಯಾದೆ ಪಡೆದಿದ್ದುದು ಒಂದು ಸಣ್ಣ ಕನ್ನಡಿ. ಈಚಿನ ವರ್ಷಗಳಲ್ಲಿ ಆ ಕನ್ನಡಿಯನ್ನು ಕೈಬಿಟ್ಟ ಯಂತ್ರಗಳೇ ಅಂಗಡಿಗಳನ್ನು ತುಂಬಿವೆ. ಕನ್ನಡಿ ಹೋದುದರಿಂದ ಚಿತ್ರ ಉತ್ತಮವಾಯಿತೆ? ಆಗಿದ್ದರೆ ಎಷ್ಟು, ಯಾವ ಕಾರಣದಿಂದ? ಕೈಯಲ್ಲಿರುವ ಹಳೆಯದನ್ನು ಮಾರಿ, ಮೇಲೆ ಸಾಲವನ್ನೂ ಮಾಡಿ ಹೊಸದನ್ನು ಕೊಳ್ಳುವಷ್ಟು ಆಯಿತೆ?

ಈ ಕಡೆಯ ಪ್ರಶ್ನೆಯನ್ನು ನಮಗೆ ಹಾಕಿದವನು ಹನೂರು ತಾಲ್ಲೂಕಿನ ಗೋಪಿನಾಥಂ ಗ್ರಾಮದ ಒಬ್ಬ ತರುಣ. ಕಾವೇರಿ ವನ್ಯಜೀವಿಧಾಮದ ಮಗ್ಗುಲಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿರುವ ಈ ಹಳ್ಳಿಯ ಹೆಸರನ್ನು ವೃತ್ತಪತ್ರಿಕೆಗಳಲ್ಲಿ ಓದದವರು ವಿರಳ. ವೀರಪ್ಪನ್ ಹುಟ್ಟಿದ ಊರು ಇದು. ಊರಿನವರ ವಿಶ್ವಾಸವನ್ನು ಗಳಿಸಿ, ಅವರಿಗೊಂದು ಮಾರಿಯಮ್ಮನ ಗುಡಿಯನ್ನೂ ಕಟ್ಟಿಸಿಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ೧೯೯೧ರ ನವೆಂಬರ್ ೧೦ರಂದು ಅವನಿಂದಲೇ ಹತರಾದುದು ಇಲ್ಲಿಯ ಕಾಡಿನಲ್ಲಿ. ೨೦೦೪ರಲ್ಲಿ ಆ ಅಧ್ಯಾಯ ಮುಗಿಯಿತು. ಅಂದು ಬಂದೂಕು ಹಿಡಿದವರೂ ಅಂಜಿ ಹೊಗುತ್ತಿದ್ದ ಕಾಡಿಗೆ ಇಂದು ಕ್ಯಾಮರಾ ಹಿಡಿದವರು ಬರುತ್ತಾರೆ. ಅವರಿಗೆ ದಾರಿ ತೋರಿಸಿ, ಹಕ್ಕಿಗಳ ಹೆಸರು ಹೇಳಿ ಜೀವನ ಸಾಗಿಸುವವರಲ್ಲಿ ಈ ತರುಣನೂ ಒಬ್ಬ. ಅವನ ಬಳಿ ಕೈಬದಲಾಗಿ ಬಂದ ನಿಕಾನ್ ಡಿ ೩೧೦೦ ಎಂಬ ಕ್ಯಾಮರಾ ಇದೆ. ೨೦೧೦ರಲ್ಲಿ ಹೊರಬಂದ, ಕಲಿಯುವವರಿಗೆಂದೇ ಮಾಡಿದ ಅಗ್ಗದ ಯಂತ್ರ. ಬಂದವರೆಲ್ಲರ ಕೊರಳಲ್ಲಿ ಹೊಸ ಮಾದರಿಗಳನ್ನು ಕಂಡು, ತಾಯಿಯ ಸ್ವಸಹಾಯ ಸಂಘದಿಂದ ಸಾಲವೆತ್ತಿ ತಾನೂ ಒಂದನ್ನು ಕೊಳ್ಳಬೇಕೆಂದು ಅವನು ಹೊರಟಿದ್ದನು. “ಕನ್ನಡಿ ಇಲ್ಲದ್ದಕ್ಕೆ ಬೆಳಕು ಜಾಸ್ತಿ ಬತ್ತದಂತಲ್ಲ, ದಿಟವಾ ಸಾರ್?” ಎಂದು ಅವನು ಕೇಳಿದನು. ಭೌತಶಾಸ್ತ್ರವನ್ನು ಕಲಿಸುವ ನಮಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಈಚೆಗೆ ಕೇಳಿರಲಿಲ್ಲ. ಗೆಳೆಯರೊಬ್ಬರಿಂದ ನಿಕಾನ್ ಜಡ್ ೫೦ ಎಂಬ ಕನ್ನಡಿಯಿಲ್ಲದ ಕ್ಯಾಮರಾವನ್ನು ಎರವಲು ತಂದೆವು. ಇದು ೨೦೧೯ರಲ್ಲಿ ಪ್ರಕಟವಾದುದು. ಎರಡನ್ನೂ ಜೊತೆಯಲ್ಲಿಟ್ಟುಕೊಂಡು ಹೊಳೆಯ ದಡದಲ್ಲಿ ಎರಡು ದಿನ ಕಳೆದೆವು.

ಮೊದಲು ಕನ್ನಡಿಯ ಕೆಲಸವೇನೆಂಬುದನ್ನು ನೋಡೋಣ. ಚಿತ್ರ ತೆಗೆಯುವವನಿಗೆ ಮಸೂರವು ಏನನ್ನು ಕಾಣುತ್ತಿದೆಯೋ ಅದನ್ನೇ ಕಾಣುವ ಬಯಕೆ. ಆದರೆ ಮಸೂರದ ಹಿಂದೆ ಇರುವುದು ಫಲಕ. ಅಲ್ಲಿ ಕಣ್ಣಿಡಲು ಎಡೆಯಿಲ್ಲ. ಆದುದರಿಂದ ಫಲಕದ ಮುಂದೆ ೪೫ ಡಿಗ್ರಿ ಓರೆಯಾಗಿ ಒಂದು ಕನ್ನಡಿಯನ್ನು ನಿಲ್ಲಿಸಿ, ಬಂದ ಕಿರಣಗಳನ್ನು ಮೇಲಕ್ಕೆ ತಿರುಗಿಸಿ ಉಜ್ಜುಗಾಜಿನ ಮೇಲೆ ಬಿಂಬವಾಗುವಂತೆ ಮಾಡುತ್ತಾರೆ. ಈ ಬಿಂಬವು ಎಡಬಲ ಅದಲುಬದಲಾಗಿರುತ್ತದೆ. ಅದನ್ನು ನೇರಮಾಡಿ ಕಣ್ಣಿಗೆ ಮುಟ್ಟಿಸಲು ಅದರ ಮೇಲೆ ಐಮೊಗದ ಗಾಜಿನ ಪಟ್ಟಕ. ಡಿ ೩೧೦೦ದಂಥ ಅಗ್ಗದ ಯಂತ್ರಗಳಲ್ಲಿ ಗಟ್ಟಿ ಗಾಜಿಗೆ ಬದಲು ಕನ್ನಡಿಗಳನ್ನು ಜೋಡಿಸಿದ ಟೊಳ್ಳು ಗೂಡು ಇರುವುದರಿಂದ ನೋಟ ತುಸು ಮಬ್ಬು, ತುಸು ಚಿಕ್ಕದು. ಗುಂಡಿಯನ್ನು ಒತ್ತಿದ ಕೂಡಲೆ ಕನ್ನಡಿ ಮೇಲಕ್ಕೆ ಮಡಿಚಿಕೊಳ್ಳುವುದು, ಷಟರು ತೆರೆದು ಮುಚ್ಚುವುದು, ಕನ್ನಡಿ ಮತ್ತೆ ಕೆಳಗಿಳಿಯುವುದು. ಈ ವಿನ್ಯಾಸ ಹೊಸದಲ್ಲ; ೧೮೬೧ರಲ್ಲಿಯೇ ಇಂಗ್ಲೆಂಡಿನ ಥಾಮಸ್ ಸಟನ್ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಎತ್ತಿದ ಕನ್ನಡಿ ತಾನಾಗಿಯೇ ಥಟ್ಟನೆ ಇಳಿಯುವ ಏರ್ಪಾಡು ೧೯೫೪ರಲ್ಲಿ ಜಪಾನಿನ ಅಸಾಹಿ ಕಂಪನಿಯ ಕ್ಯಾಮರಾದಲ್ಲಿ ಬಂದ ಬಳಿಕ ಈ ಜಾತಿಯ ಯಂತ್ರಗಳ ಬಳಕೆ ವೇಗವಾಗಿ ಹಬ್ಬಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಚಿತ್ರವು ಮೂಡುವ ಕ್ಷಣದಲ್ಲಿ ಕನ್ನಡಿ ದಾರಿಯಲ್ಲಿ ಇರುವುದೇ ಇಲ್ಲ! ಆಗ ಎರಡು ಕ್ಯಾಮರಾಗಳೂ ಒಂದೇ ಬಗೆಯ ಕತ್ತಲೆ ಪೆಟ್ಟಿಗೆಗಳು. ಹೀಗಿರುವಲ್ಲಿ ಕನ್ನಡಿಯನ್ನು ಕಿತ್ತ ಮಾತ್ರಕ್ಕೆ ಫಲಕಕ್ಕೆ ಬೀಳುವ ಬೆಳಕು ಒಂದು ಕಣದಷ್ಟೂ ಹೆಚ್ಚಲಾರದು. ಫಲಕಗಳ ಅಳತೆಯಲ್ಲಿಯೂ ಅಂತರ ಅಲ್ಪವೇ. ಹಳೆಯದರ ಸಂವೇದಕ ೨೩.೧ ಮಿಲಿಮೀಟರು ಅಗಲ, ೧೫.೪ ಮಿಲಿಮೀಟರು ಎತ್ತರ, ಹೊಸದರದು ೨೩.೫ ಮತ್ತು ೧೫.೭. ಗುಣಿಸಿ ನೋಡಿದರೆ ಸುಮಾರು ೩೫೬ ಮತ್ತು ೩೬೯ ಚದರ ಮಿಲಿಮೀಟರು. ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ ವ್ಯತ್ಯಾಸ. ಮೋಜಿನ ಮಾತೆಂದರೆ, ಜೊತೆಯಲ್ಲಿ ಬರುವ ಸಾಮಾನ್ಯ ಮಸೂರಗಳನ್ನು ಹೋಲಿಸಿದರೆ ಹೊಸದೇ ಹಿಂದೆ ಬೀಳುವುದು. ಹಳೆಯ ಮಸೂರವನ್ನು ಪೂರ್ತಿ ಚಾಚಿದಾಗ ಅದರ ದ್ವಾರ ಎಫ್ ೫.೬, ಹೊಸದರದು ಎಫ್ ೬.೩. ಈ ಸಂಖ್ಯೆ ಹೆಚ್ಚಾದಷ್ಟೂ ದ್ವಾರ ಕಿರಿದು; ಬೆಳಕು ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಇಳಿಯುವುದು. ಲೆಕ್ಕಹಾಕಿದರೆ ಹೊಸದರ ಫಲಕಕ್ಕೆ ಸಿಕ್ಕುವ ಬೆಳಕು ನೂರಕ್ಕೆ ಸುಮಾರು ಇಪ್ಪತ್ತರಷ್ಟು ಕಡಿಮೆ. ತರುಣನಿಗೆ ಈ ಲೆಕ್ಕವನ್ನು ಮರಳಿನ ಮೇಲೆ ಬರೆದು ತೋರಿಸಿದಾಗ ಅವನು ಹೊಸ ಕ್ಯಾಮರಾವನ್ನು ಒಮ್ಮೆ ಸಂಶಯದಿಂದ ನೋಡಿದನು.

ಬೆಳಕಿನ ಮೊತ್ತಕ್ಕೆ ಇಷ್ಟು ಮಹತ್ವವೇಕೆ? ಬೆಳಕು ಕಣಕಣವಾಗಿ ಬೀಳುವುದು, ಮಳೆಯ ಹನಿಗಳು ಬೀಳುವಂತೆ. ಅಂಗಳದಲ್ಲಿ ಸಾಲಾಗಿ ಲೋಟಗಳನ್ನಿಟ್ಟರೆ ಎಲ್ಲದರಲ್ಲಿಯೂ ಹನಿಗಳು ಸಮನಾಗಿ ಬೀಳುವುದಿಲ್ಲ. ಸರಾಸರಿ ೧೦೦ ಹನಿ ಬಿದ್ದರೆ ಏರುಪೇರು ಸುಮಾರು ೧೦, ಅಂದರೆ ಹತ್ತರಲ್ಲಿ ಒಂದು ಪಾಲು. ಸರಾಸರಿ ೧೦,೦೦೦ ಬಿದ್ದರೆ ಏರುಪೇರು ೧೦೦, ಅಂದರೆ ನೂರರಲ್ಲಿ ಒಂದು ಪಾಲು. ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಕಾಣುವ ಮರಳು ಚೆಲ್ಲಿದಂಥ ಚುಕ್ಕೆಗಳಿಗೆ ಮುಖ್ಯ ಕಾರಣ ಈ ಏರುಪೇರೇ. ಇದನ್ನು ಯಾವ ಕಾರ್ಖಾನೆಯೂ ನಿವಾರಿಸಲಾರದು. ಹೆಚ್ಚು ಬೆಳಕನ್ನು ಹಿಡಿಯುವುದೊಂದೇ ಉಪಾಯ. ಸಂವೇದಕದ ವಿದ್ಯುನ್ಮಂಡಲಗಳು ತಮ್ಮ ಕಡೆಯಿಂದ ಸೇರಿಸುವ ಗದ್ದಲವನ್ನು ಮಾತ್ರ ತಗ್ಗಿಸಬಹುದು. ಆ ಒಂಬತ್ತು ವರ್ಷಗಳಲ್ಲಿ ತಗ್ಗಿಸಿದ್ದಾರೆ ಕೂಡ. ಹೊಳೆಮತ್ತಿ ಮರಗಳ ಕೆಳಗೆ, ಸಂಜೆಯ ಮಬ್ಬಿನಲ್ಲಿ, ಐ.ಎಸ್.ಓ. ೩೨೦೦ರಲ್ಲಿ ತೆಗೆದ ಚಿತ್ರಗಳ ಕಪ್ಪು ಭಾಗಗಳು ಹೊಸದರಲ್ಲಿ ಸ್ಪಷ್ಟವಾಗಿಯೇ ಶುದ್ಧವಾಗಿದ್ದುವು. ಹಗಲಿನ ಚಿತ್ರಗಳನ್ನು ಸಾಧಾರಣ ಅಳತೆಯಲ್ಲಿ ಅಚ್ಚುಹಾಕಿಸಿ ಬೆರೆಸಿಟ್ಟಾಗ ಯಾವುದು ಯಾವ ಯಂತ್ರದ್ದೆಂದು ನಮಗೇ ಹೇಳಲಾಗಲಿಲ್ಲ. ಪಿಕ್ಸೆಲ್‌ಗಳ ಸಂಖ್ಯೆ ೧೪.೨ ದಶಲಕ್ಷದಿಂದ ೨೦.೯ ದಶಲಕ್ಷಕ್ಕೆ ಏರಿದೆಯೆಂಬ ಜಾಹೀರಾತು ದೊಡ್ಡದಾಗಿ ಕೇಳಿಸಬಹುದು. ಉದ್ದಗಲಗಳಿಗೆ ಹಂಚಿದರೆ ವಿವರವು ಐದರಲ್ಲಿ ಒಂದು ಪಾಲು ಹೆಚ್ಚಿತು, ಅಷ್ಟೇ.

ಹಾಗಾದರೆ ಹೊಸದರ ಹಿರಿಮೆ ಎಲ್ಲಿದೆ? ಬಿಂಬವನ್ನು ಕೇಂದ್ರೀಕರಿಸುವ ರೀತಿಯಲ್ಲಿ. ಹಳೆಯ ಕ್ಯಾಮರಾದ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅಲ್ಲಿಂದ ನುಸುಳಿದ ಬೆಳಕನ್ನು ಹಿಂದಿರುವ ಮರಿಕನ್ನಡಿಯೊಂದು ಪೆಟ್ಟಿಗೆಯ ತಳಕ್ಕೆ ತಳ್ಳುವುದು. ತಳದಲ್ಲಿರುವ ಪುಟ್ಟ ಸಾಧನವು ಮಸೂರದ ಎರಡು ಅಂಚುಗಳಿಂದ ಬಂದ ಕಿರಣಗಳನ್ನು ಬೇರೆ ಬೇರೆಯಾಗಿ ನೋಡಿ, ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವಂತೆ, ಫೋಕಸ್ ಎಷ್ಟು ತಪ್ಪಿದೆಯೆಂದು ಲೆಕ್ಕಹಾಕುವುದು. ತ್ವರಿತವಾದ ವಿಧಾನ. ಆದರೆ ಅಳೆಯುವ ಸ್ಥಳ ಒಂದು, ಚಿತ್ರ ಮೂಡುವ ಸ್ಥಳ ಇನ್ನೊಂದು. ಈ ಎರಡು ದಾರಿಗಳ ಉದ್ದ ಕೂದಲೆಳೆಯಷ್ಟೂ ಬೇರೆಯಾಗಬಾರದು. ಎಫ್ ೫.೬ರಲ್ಲಿ ಫಲಕದ ಬಳಿ ಸುಮಾರು ೦.೧೧ ಮಿಲಿಮೀಟರಿನ ತಪ್ಪು ಕಣ್ಣಿಗೆ ಬೀಳದೆ ಮರೆಯಾಗುವುದು, ಎಫ್ ೧.೮ರಂಥ ಅಗಲ ದ್ವಾರದಲ್ಲಿ ೦.೦೩೬ ಮಿಲಿಮೀಟರನ್ನು ಮೀರಿದರೆ ಹಕ್ಕಿಯ ಕಣ್ಣಿಗೆ ಬದಲಾಗಿ ಬಾಲದ ಗರಿ ಸ್ಫುಟವಾಗಿರುವುದು. ಕನ್ನಡಿಯಿಲ್ಲದ ಯಂತ್ರದಲ್ಲಿ ಈ ಅಳತೆಯ ಕಣಗಳನ್ನು ಚಿತ್ರ ಮೂಡುವ ಫಲಕದೊಳಗೇ ಹುದುಗಿಸಿರುವುದರಿಂದ ಎರಡು ದಾರಿಗಳ ಪ್ರಶ್ನೆಯೇ ಏಳುವುದಿಲ್ಲ. ಹಳೆಯದರಲ್ಲಿ ಅಳೆಯುವ ಬಿಂದುಗಳು ಚೌಕಟ್ಟಿನ ನಡುವೆ ೧೧. ಹೊಸದರಲ್ಲಿ ಬಹುಮಟ್ಟಿಗೆ ಇಡೀ ಚೌಕಟ್ಟನ್ನು ಆವರಿಸಿ ೨೦೯. ನಾಯಿ ಬೆಕ್ಕುಗಳ ಕಣ್ಣನ್ನು ಹುಡುಕುವ ವಿದ್ಯೆಯನ್ನೂ ಹೊಸದಕ್ಕೆ ೨೦೨೦ರಲ್ಲಿ ಕಲಿಸಿದರು. ಕಾವೇರಿಯ ದಡದ ಮರಗಳಲ್ಲಿರುವ ಬೂದುಬಣ್ಣದ ದೊಡ್ಡ ಅಳಿಲನ್ನು ಅದು ನಾಯಿಯೆಂದೂ ಬೆಕ್ಕೆಂದೂ ಒಪ್ಪಲಿಲ್ಲ.

ಆ ಅಳಿಲೇ ನಮಗೆ ಇನ್ನೊಂದು ಪಾಠವನ್ನು ಹೇಳಿತು. ಹಳೆಯ ಕ್ಯಾಮರಾದ ಕನ್ನಡಿ ‘ಠಪ್’ ಎಂದು ಬಡಿದಾಗ ಅದು ಕೊಂಬೆಯ ಹಿಂಬದಿಗೆ ಸರಿದು, ಬಹಳ ಹೊತ್ತು ಬಾಲದ ತುದಿಯನ್ನು ಮಾತ್ರ ತೋರಿಸುತ್ತಿತ್ತು. ಹೊಸದನ್ನು ನಿಶ್ಶಬ್ದದ ಕ್ರಮದಲ್ಲಿಟ್ಟಾಗ ಅದಕ್ಕೆ ನಮ್ಮ ಅರಿವೇ ಆಗಲಿಲ್ಲ. ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆಯವರಂಥ ಹಿರಿಯರು ಫಿಲ್ಮಿನ ಕಾಲದಲ್ಲಿ ಪಟ್ಟ ಪಾಡನ್ನು ನೆನೆದಾಗ ಈ ಸೌಕರ್ಯ ಸಣ್ಣದೇನಲ್ಲ. ಆದರೆ ನಿಶ್ಶಬ್ದಕ್ಕೂ ಬೆಲೆಯುಂಟು. ಆಗ ಫಲಕವನ್ನು ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಈ ಓದಿಗೆ ಹಿಡಿಯುವ ಕಾಲ ಯಾಂತ್ರಿಕ ಪರದೆಯ ಓಟಕ್ಕಿಂತ ಬಹಳ ಹೆಚ್ಚು. ರೆಕ್ಕೆ ಬಡಿಯುವ ಮಿಂಚುಳ್ಳಿಯ ರೆಕ್ಕೆ ಮೊದಲ ಸಾಲಿನಲ್ಲಿ ಒಂದೆಡೆ, ಕಡೆಯ ಸಾಲಿನಲ್ಲಿ ಇನ್ನೊಂದೆಡೆ ಇದ್ದು ಚಿತ್ರದಲ್ಲಿ ಸೊಟ್ಟಗಾಗುವುದು.

ವಿದ್ಯುತ್ತಿನ ವಿಚಾರದಲ್ಲಿ ಹಳೆಯದೇ ಮೇಲು. ಕನ್ನಡಿ, ಗಾಜುಗಳ ಮೂಲಕ ನೋಡುವುದಕ್ಕೆ ಬ್ಯಾಟರಿಯ ಹಂಗಿಲ್ಲ. ಹೊಸದರಲ್ಲಿ ನೋಡುತ್ತಿರುವಷ್ಟು ಹೊತ್ತೂ ಸಂವೇದಕವೂ ಕಣ್ಣೆದುರಿನ ಪುಟ್ಟ ಪರದೆಯೂ ಉರಿಯುತ್ತಿರಬೇಕು. ತಯಾರಕರ ಲೆಕ್ಕದಂತೆ ಒಮ್ಮೆ ತುಂಬಿದ ಬ್ಯಾಟರಿಗೆ ಹಳೆಯದು ಸುಮಾರು ೫೫೦ ಚಿತ್ರ, ಹೊಸದು ಸುಮಾರು ೩೦೦. ಬೆಳಗ್ಗೆ ಹೊರಟು ಸಂಜೆಯವರೆಗೆ ಕಾಡಿನಲ್ಲಿರುವವನು ಎರಡನೆಯ ಬ್ಯಾಟರಿಯ ಖರ್ಚನ್ನೂ ಸಾಲದ ಲೆಕ್ಕಕ್ಕೆ ಸೇರಿಸಬೇಕು. ದೂಳಿನ ರಸ್ತೆಯಲ್ಲಿ ಮಸೂರ ಬದಲಿಸುವಾಗ ಹಳೆಯದರ ಫಲಕಕ್ಕೆ ಕನ್ನಡಿಯೂ ಷಟರೂ ಮರೆಯಾಗಿರುತ್ತವೆ. ಹೊಸದರ ಫಲಕ ಬಾಯಿತೆರೆದ ಮಡಕೆಯಂತೆ ಬಯಲಿಗೆ ಬೀಳುವುದು.

ಇಷ್ಟನ್ನೂ ನೋಡಿ ನಾವು ತರುಣನಿಗೆ ಹೇಳಿದುದು: ಈಗಲೇ ಕ್ಯಾಮರಾ ಬದಲಿಸಬೇಡ, ಮೊದಲು ಮಸೂರವನ್ನು ನೋಡು. ಕಾರಣ ಹೀಗಿದೆ. ಅವನ ಸಾಮಾನ್ಯ ಮಸೂರದ ಸಂಗಮದೂರ ಹೆಚ್ಚೆಂದರೆ ೫೫ ಮಿಲಿಮೀಟರು, ಅದನ್ನು ೫.೬ರಿಂದ ಭಾಗಿಸಿದರೆ ದ್ವಾರದ ವ್ಯಾಸ ೯.೮ ಮಿಲಿಮೀಟರು, ಕಡಲೆಕಾಳಿನ ಅಗಲ. ೩೦೦ ಮಿಲಿಮೀಟರಿನ, ಅದೇ ಎಫ್ ೫.೬ರ ದೂರಮಸೂರದಲ್ಲಿ ಈ ವ್ಯಾಸ ೫೩.೬ ಮಿಲಿಮೀಟರು. ವಿಸ್ತೀರ್ಣದಲ್ಲಿ ಸುಮಾರು ಮೂವತ್ತು ಪಟ್ಟು! ಮರದ ಮೇಲಿನ ಅಳಿಲಿನಿಂದ ಹೊರಟು ಕ್ಯಾಮರಾವನ್ನು ಸೇರುವ ಬೆಳಕಿನ ಕಣಗಳು ಮೂವತ್ತು ಪಟ್ಟಾಗಿ, ಅವು ಫಲಕದ ಮೂವತ್ತು ಪಟ್ಟು ಪಿಕ್ಸೆಲ್‌ಗಳ ಮೇಲೆ ಹರಡಿ ಅಳಿಲಿನ ಕೂದಲು ಕೂದಲನ್ನೂ ಬರೆಯುವುವು. ಕ್ಯಾಮರಾ ಬದಲಿಸಿದರೆ ಸಿಕ್ಕುವ ಐದನೆಯ ಒಂದು ಪಾಲಿನ ವಿವರವನ್ನು ಇದರ ಎದುರಿಗಿಟ್ಟು ನೋಡಿದರೆ ಸಾಲದ ಹಣ ಎಲ್ಲಿಗೆ ಹೋಗಬೇಕೆಂಬುದು ತಾನೇ ತಿಳಿಯುವುದು. ಎಫ್ ೫.೬ರಲ್ಲಿ ಹಳೆಯದರ ಫೋಕಸಿನ ಸಣ್ಣ ತಪ್ಪೂ ಮುಚ್ಚಿಹೋಗುವುದೆಂಬುದನ್ನು ಮೇಲೆಯೇ ಕಂಡಿದ್ದೇವೆ.

ಮಸೂರ ಕೊಳ್ಳುವಾಗಲೂ ಕನ್ನಡಿಯೇ ಒಂದು ನಿಯಮವನ್ನು ವಿಧಿಸುವುದು. ೧೯೫೯ರಿಂದ ನಡೆದುಬಂದ ನಿಕಾನಿನ ಹಳೆಯ ಜೋಡಣೆಯಲ್ಲಿ ಮಸೂರದ ಬುಡಕ್ಕೂ ಫಲಕಕ್ಕೂ ೪೬.೫ ಮಿಲಿಮೀಟರು ಅಂತರ. ನಡುವೆ ಕನ್ನಡಿ ಆಡಲು ಜಾಗ ಬೇಕಲ್ಲವೆ! ಕನ್ನಡಿಯಿಲ್ಲದ ಹೊಸ ಜೋಡಣೆಯಲ್ಲಿ ಈ ಅಂತರ ೧೬ ಮಿಲಿಮೀಟರು ಮಾತ್ರ. ಆದುದರಿಂದ ಹಳೆಯ ಮಸೂರವನ್ನು ಹೊಸ ಕ್ಯಾಮರಾಕ್ಕೆ ಹಾಕಲು ೩೦.೫ ಮಿಲಿಮೀಟರು ಉದ್ದದ ಟೊಳ್ಳು ಬಳೆಯೊಂದು ಸಾಕು. ಅಂಥ ಬಳೆಯನ್ನು ಆ ಕಂಪನಿಯೇ ಮಾರುತ್ತದೆ. ಹೊಸ ಮಸೂರವನ್ನು ಹಳೆಯ ಕ್ಯಾಮರಾಕ್ಕೆ ಹಾಕಬೇಕಾದರೆ ಅದು ಕನ್ನಡಿಯನ್ನು ತೂರಿಕೊಂಡು ಒಳಗೆ ಕೂರಬೇಕಾಗುವುದು. ಹೀಗಾಗಿ ಇಂದು ಕೊಂಡ ಹಳೆಯ ಜೋಡಣೆಯ ದೂರಮಸೂರವು ನಾಳೆ ಹೊಸ ಕ್ಯಾಮರಾ ಬಂದಾಗಲೂ ಬಳಕೆಗೆ ಬರುವುದು. ಒಳಗೆ ತನ್ನದೇ ಮೋಟಾರು ಇರುವ, ಎ.ಎಫ್-ಎಸ್ ಎಂಬ ಗುರುತಿನ ಮಸೂರವನ್ನೇ ಆರಿಸಬೇಕು. ಡಿ ೩೧೦೦ರ ಒಡಲಿನಲ್ಲಾಗಲಿ ಆ ಬಳೆಯಲ್ಲಾಗಲಿ ಮೋಟಾರಿಲ್ಲ. ಕೈಬದಲಾದ ಮಸೂರವಾದರೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗಾಜುಗಳ ನಡುವೆ ಜೇಡರ ಬಲೆಯಂಥ ಬೂಷ್ಟಿನ ಎಳೆಗಳಿವೆಯೇ ಎಂದು ನೋಡಿ ಹಣ ಕೊಡುವುದು ಒಳ್ಳೆಯದು.